ಜಾವಾದ ಮುಂಗಾಲಿನೊಳಗಿನ ಎಣ್ಣೆ

ಬೆಂಗಳೂರಿನಿಂದ ದೊಡ್ಡಬಳ್ಳಾಪುರ, ಗೌರಿಬಿದನೂರುಗಳ ಮಾರ್ಗವಾಗಿ ವಿದುರಾಶ್ವತ್ಥಕ್ಕೆ ಬರುವವರಲ್ಲಿ ನಾಗರಕಲ್ಲುಗಳಿಗೆ ಹಾಲೆರೆಯುವ ಭಕ್ತರುಂಟು. 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಗುಂಡು ಹಾರಿದ ನೆಲವನ್ನು ಕಂಡು ತಲೆಬಾಗುವವರೂ ಉಂಟು. ಇವರಲ್ಲಿ ಯಾರೇ ಆಗಲಿ, ಹಳೆಯ ಮೋಟಾರ್ ಸೈಕಲ್ಲನ್ನೇರಿ ಹೊರಟರೆಂದರೆ, ದೇವರ ದರ್ಶನಕ್ಕೆ ಮೊದಲೇ ಅವರಿಗೆ ತಮ್ಮ ವಾಹನದ ನಿಜಸ್ವರೂಪದ ದರ್ಶನವಾಗಿಬಿಡುತ್ತದೆ. ಊರೂರಿನ ಬಾಗಿಲಲ್ಲಿಯೂ ಎದುರಾಗುವ ರಸ್ತೆಯುಬ್ಬುಗಳು ಆ ಪರೀಕ್ಷೆಯನ್ನು ಮಾಡುತ್ತವೆ. ಉಬ್ಬನ್ನು ಇಳಿಯುವಾಗ ಮುಂಚಕ್ರದ ಮೇಲಿನಿಂದ 'ಠಕ್' ಎಂದು ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಕೇಳಿಬಂದರೆ, ಫೋರ್ಕಿನ ಆರೋಗ್ಯ ಕೆಟ್ಟಿದೆಯೆಂದೇ ಅರ್ಥ.

ಇಂಥ ಗಾಡಿಗಳಲ್ಲಿ ಕನ್ನಡನಾಡಿಗೆ ಅತ್ಯಂತ ಆಪ್ತವಾದದ್ದು ಜಾವಾ. ಚೆಕೊಸ್ಲೊವಾಕಿಯದಲ್ಲಿ 1929ರಲ್ಲಿ ಹುಟ್ಟಿದ ಈ ಹೆಸರನ್ನು ಇರಾನಿ ಮನೆತನದವರು ಮೈಸೂರಿಗೆ ಕರೆತಂದರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಯಚಾಮರಾಜ ಒಡೆಯರಿಂದ ಉದ್ಘಾಟನೆಗೊಂಡಿತು. ಎಪ್ಪತ್ತರ ದಶಕದಲ್ಲಿ ಗಾಡಿಗೆ ಯೆಜ್ಡಿ ಎಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಜಾವಾ ಹೆಸರಿನ ಹೊಸ ಗಾಡಿಗಳು 2018ರಲ್ಲಿ ಮತ್ತೆ ಬಂದವಾದರೂ, ಮೈಸೂರಿನಲ್ಲಿ ಹುಟ್ಟಿದ ಹಳೆಯವುಗಳ ಮೇಲಿನ ವ್ಯಾಮೋಹ ಕುಗ್ಗಿಲ್ಲ. ಜುಲೈ ತಿಂಗಳ ಎರಡನೆಯ ಭಾನುವಾರ, ಜಾವಾ ದಿನದಂದು, ಬೆಂಗಳೂರಿನಲ್ಲಿ ನೆರೆಯುವ ಗಾಡಿಗಳ ಸಾಲೇ ಇದಕ್ಕೆ ಸಾಕ್ಷಿ. ಬಣ್ಣವೂ ಹೊಳಪೂ ಹಣ ಕೊಟ್ಟರೆ ದೊರೆಯುತ್ತವೆ. ಫೋರ್ಕಿನ ಕೆಲಸ ಹಾಗಲ್ಲ. ಅದು ಕಣ್ಣಿಗೆ ಕಾಣದು, ಕಾಣದ್ದಕ್ಕೆ ಹಣ ತೆರುವವರೂ ವಿರಳ.

ಫೋರ್ಕೆಂದರೆ ಒಂದರೊಳಗೊಂದು ಜಾರುವ ಎರಡೆರಡು ಕೊಳವೆಗಳ ಜೋಡಿ. ಎಣ್ಣೆಯ ತಡೆಯುಳ್ಳ ಇಂಥ ಫೋರ್ಕನ್ನು ಮಾರಾಟದ ಗಾಡಿಗೆ ಮೊದಲು ಜೋಡಿಸಿದ್ದು 1935ರಲ್ಲಿ, ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿ. ಒಳಗಿನ ಸ್ಪ್ರಿಂಗು ಭಾರವನ್ನು ಹೊರುತ್ತದೆ. ಆದರೆ ಸ್ಪ್ರಿಂಗಿಗೆ ಒಂದು ದುರ್ಗುಣವುಂಟು: ಒಮ್ಮೆ ಅದುಮಿಸಿಕೊಂಡರೆ ಕುಣಿಯುತ್ತಲೇ ಇರುತ್ತದೆ. ಆ ಕುಣಿತವನ್ನು ಅಡಗಿಸುವುದಕ್ಕಾಗಿಯೇ ಎಣ್ಣೆ. ಕಿರುರಂಧ್ರಗಳಲ್ಲಿ ನುಸುಳಿ ಹೋಗುವಾಗ ಅದು ಚಲನೆಯ ವೇಗಕ್ಕೆ ಕಡಿವಾಣ ಹಾಕುತ್ತದೆ.

ಎಣ್ಣೆಯ ಎರಡನೆಯ ಕೆಲಸ ಅನೇಕರಿಗೆ ತಿಳಿಯದು. ಎಣ್ಣೆಯ ಮೇಲೆ, ಕೊಳವೆಯ ಮುಚ್ಚಳದ ಕೆಳಗೆ ಉಳಿಯುವ ಗಾಳಿಯೂ ಒಂದು ಸ್ಪ್ರಿಂಗೇ. ಸೈಕಲ್ ಪಂಪಿನ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಒತ್ತಿದ ಹುಡುಗರೆಲ್ಲರೂ ಇದನ್ನು ಬಲ್ಲರು. ಫೋರ್ಕು ಪೂರ್ತಿ ಕುಗ್ಗಿದಾಗ 100 ಮಿ.ಮೀ. ಗಾಳಿ ಉಳಿಯುತ್ತದೆಂದೂ, ಫೋರ್ಕಿನ ಓಟ 100 ಮಿ.ಮೀ. ಎಂದೂ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಆಗ 200 ಇದ್ದ ಗಾಳಿ 100ಕ್ಕೆ ಇಳಿದು, ಅದರ ಒತ್ತಡ ಸರಿಸುಮಾರು ಎರಡರಷ್ಟಾಗುತ್ತದೆ. ಎಣ್ಣೆಯನ್ನು 50 ಮಿ.ಮೀ. ಏರಿಸಿದರೆ 150 ಇದ್ದದ್ದು 50ಕ್ಕೆ ಇಳಿಯುತ್ತದೆ, ಒತ್ತಡ ಮೂರರಷ್ಟು! ಓಟದ ಕೊನೆಯಲ್ಲಿ ಫೋರ್ಕು ಕಲ್ಲಾಗುತ್ತದೆ, ಆಯಿಲ್ ಸೀಲುಗಳು ಹೊರದೂಡಲ್ಪಡುತ್ತವೆ. ಸೋರಿದ ಎಣ್ಣೆ ಕೆಳಕ್ಕಿಳಿದು ಬ್ರೇಕಿನ ಡ್ರಮ್ಮನ್ನು ಹೊಕ್ಕರಂತೂ ಮುಂಬ್ರೇಕು ಹಿಡಿಯಬೇಕಾದ ಗಳಿಗೆಯಲ್ಲಿ ಕೈಕೊಡುತ್ತದೆ. ಎಣ್ಣೆ ಕಡಿಮೆಯಾದರೆ ಕೇಡು ಬೇರೆ ಬಗೆಯದು. ಒಳಗಿನ ತಡೆ ಎಣ್ಣೆಗೆ ಬದಲು ಗಾಳಿಯನ್ನು ಹೀರಿ ನೊರೆಯೆಬ್ಬಿಸುತ್ತದೆ. ಬ್ರೇಕು ಒತ್ತಿದೊಡನೆ ಗಾಡಿ ಮುಗ್ಗರಿಸಿ ಫೋರ್ಕು ತಳ ಬಡಿಯುತ್ತದೆ. ಹಿಂದೆ ಹೆಂಡತಿಯನ್ನೋ ಮಗುವನ್ನೋ ಕೂರಿಸಿಕೊಂಡವನಿಗೆ ಇದು ಅಲ್ಪ ವಿಷಯವಲ್ಲ.

ಹಳೆಯ ಕೈಪಿಡಿಗಳು ಸಾಮಾನ್ಯವಾಗಿ ಎಣ್ಣೆಯನ್ನು ಸಿ.ಸಿ. ಲೆಕ್ಕದಲ್ಲಿ ಹೇಳುತ್ತವೆ. ಕಾರ್ಖಾನೆಯಿಂದ ಹೊರಬಂದ ಒಣ ಕೊಳವೆಗೆ ಅದು ಸರಿ. ಹಲವು ಬಾರಿ ಬಿಚ್ಚಿದ ಫೋರ್ಕಿನ ಮೂಲೆಗಳಲ್ಲಿ ಹಳೆಯ ಎಣ್ಣೆ ಉಳಿದಿರಬಹುದು, ಸ್ಪ್ರಿಂಗು ಬದಲಾಗಿರಬಹುದು. ದಪ್ಪ ತಂತಿಯ ಸ್ಪ್ರಿಂಗು ತಾನೇ ಹೆಚ್ಚು ಜಾಗ ಹಿಡಿಯುತ್ತದೆ. ಆದುದರಿಂದ ನಂಬಬೇಕಾದದ್ದು ಅಳತೆಪಾತ್ರೆಯನ್ನಲ್ಲ, ಮಟ್ಟವನ್ನು. ನಮ್ಮ ಗೃಹಿಣಿಯರು ಉಪ್ಪಿನಕಾಯಿ ಹಾಕುವಾಗ ಜಾಡಿಗೆ ಎಷ್ಟು ಪಾವು ಎಣ್ಣೆ ಸುರಿದೆವೆಂದು ನೋಡುವುದಿಲ್ಲ. ಹೋಳುಗಳ ಮೇಲೆ ಎಣ್ಣೆ ಎಷ್ಟು ನಿಂತಿದೆಯೆಂದು ನೋಡುತ್ತಾರೆ. ಬಲ್ಲ ಮೇಸ್ತ್ರಿಯ ವಿವೇಕವೂ ಅದೇ. ಗಾಳಿ ನಿಲ್ಲುವಷ್ಟು ಬಿಗಿಯಿಲ್ಲದ ಕೆಲವು ಪುರಾತನ ಫೋರ್ಕುಗಳಲ್ಲಿ ಮಾತ್ರ ಕೈಪಿಡಿಯ ಪ್ರಮಾಣವೇ ಗತಿ. ಅಲ್ಲಿಯೂ ಎರಡು ಕಾಲುಗಳೊಳಗಿನ ಎಣ್ಣೆ ಸಮನಾಗಿರಲೇಬೇಕು.

ಕೆಲಸದ ಕ್ರಮ ಹೀಗೆ. ಕೊಳವೆಗಳನ್ನು ತೊಳೆದು ಒಣಗಿಸಿ, ಸೀಲು ಉಜ್ಜುವ ಭಾಗದಲ್ಲಿ ತುಕ್ಕಿನ ಕುಳಿಗಳಿವೆಯೇ ಎಂದು ಉಗುರಿನಿಂದ ಸವರಿ ನೋಡಬೇಕು. ಕುಳಿಯಿದ್ದರೆ ಹೊಸ ಸೀಲು ವ್ಯರ್ಥ. ಅನಂತರ ಸ್ಪ್ರಿಂಗಿಲ್ಲದೆ ಕಾಲನ್ನು ಜೋಡಿಸಿ, ನೆಟ್ಟಗೆ ನಿಲ್ಲಿಸಿ, ಬೇಕಾದುದಕ್ಕಿಂತ ತುಸು ಹೆಚ್ಚಾಗಿ ಎಣ್ಣೆ ಸುರಿದು, ಒಳಕೊಳವೆಯನ್ನು ನಿಧಾನವಾಗಿ ಹತ್ತಾರು ಬಾರಿ ಮೇಲೆ ಕೆಳಗೆ ಆಡಿಸಬೇಕು. ಮೊದಲು ಸಡಿಲವಾಗಿರುವ ಚಲನೆ ಗಾಳಿ ಹೊರಟಂತೆಲ್ಲ ಒಂದೇ ಸಮನಾಗುತ್ತದೆ. ಬಳಿಕ ಗುಳ್ಳೆಗಳೆಲ್ಲ ಮೇಲೇಳುವವರೆಗೆ ಸುಮ್ಮನಿರಬೇಕು. ಈ ಸುಮ್ಮನಿರುವಿಕೆಯೇ ಕಷ್ಟ. ಗಿರಾಕಿ ಬಾಗಿಲಲ್ಲಿ ನಿಂತಿರುವಾಗ ಯಾವ ಮೇಸ್ತ್ರಿಗೆ ಆ ಸಾವಧಾನ?

ಅಳೆಯುವುದು ಫೋರ್ಕನ್ನು ಪೂರ್ತಿ ಕುಗ್ಗಿಸಿ, ಕೊಳವೆಯ ಮೇಲಂಚಿನಿಂದ ಎಣ್ಣೆಯ ಮೇಲ್ಮೈವರೆಗೆ. ಇದಕ್ಕೆ ದುಬಾರಿ ಉಪಕರಣವೇನೂ ಬೇಡ. ಔಷಧದಂಗಡಿಯ ದೊಡ್ಡ ಸಿರಿಂಜಿಗೆ ತೆಳುವಾದ ನಳಿಕೆ ಸಿಕ್ಕಿಸಿ, ಬೇಕಾದ ಅಳತೆಗೆ ನಳಿಕೆಯ ಮೇಲೊಂದು ಅಡ್ಡಪಟ್ಟಿ ಬಿಗಿದು, ಅದನ್ನು ಕೊಳವೆಯ ಅಂಚಿಗೆ ಕೂರಿಸಿ ಎಳೆದರೆ ಹೆಚ್ಚಿನ ಎಣ್ಣೆ ಮೇಲಕ್ಕೆ ಬರುತ್ತದೆ. ನಳಿಕೆ ಗಾಳಿಯನ್ನು ಹೀರತೊಡಗಿದರೆ ಮಟ್ಟ ಕೂಡಿತೆಂದೇ ಅರ್ಥ. ಎರಡನೆಯ ಕಾಲಿಗೂ ಅದೇ ಪಟ್ಟಿ, ಅದೇ ಜಾಗದಲ್ಲಿ. ಆಮೇಲೆ ಕೊಳವೆಯನ್ನು ಮೇಲಕ್ಕೆಳೆದು ಸ್ಪ್ರಿಂಗು ಇಳಿಬಿಟ್ಟು ಮುಚ್ಚಳ ಬಿಗಿಯಬೇಕು.

ಗಾಡಿ ಮುಗ್ಗರಿಸುತ್ತದೆಂದು ಎಣ್ಣೆಯನ್ನು ಏರಿಸುತ್ತ ಹೋಗುವುದು ನಮ್ಮಲ್ಲಿ ಬಲು ರೂಢಿಯಾದ ಅಡ್ಡದಾರಿ. ಮೊದಲು ಸ್ಪ್ರಿಂಗಿನ ಉದ್ದವನ್ನು ಹೊಸದರೊಡನೆ ಹೋಲಿಸಬೇಕು. ಕುಗ್ಗಿದ ಸ್ಪ್ರಿಂಗಿಗೆ ಎಣ್ಣೆ ಮದ್ದಲ್ಲ. ಉಬ್ಬು ದಾಟಿದ ಮೇಲೂ ಗಾಡಿ ತೂಗಾಡುತ್ತಿದ್ದರೆ ಬದಲಿಸಬೇಕಾದುದು ಎಣ್ಣೆಯ ಸ್ನಿಗ್ಧತೆ. ಮಟ್ಟವನ್ನು ಮುಟ್ಟಬೇಕಾದುದು ಓಟದ ಕೊನೆಯ ಬಡಿತಕ್ಕಾಗಿ ಮಾತ್ರ, ಅದೂ ಒಂದು ಸಲಕ್ಕೆ ಐದು ಮಿ.ಮೀ. ಕೊಳವೆ ಹೊರಗೆ ಕಾಣುವ ಗಾಡಿಗಳಲ್ಲಿ ಸೀಲಿನ ಮೇಲೆ ಒಂದು ಪ್ಲಾಸ್ಟಿಕ್ ಪಟ್ಟಿಯನ್ನು ಕಟ್ಟಿ ಓಡಿಸಿದರೆ, ಫೋರ್ಕು ಎಲ್ಲಿಯವರೆಗೆ ಕುಗ್ಗಿತೆಂಬುದನ್ನು ಅದು ತೋರಿಸಿಕೊಡುತ್ತದೆ. ತಗಡಿನ ಹೊದಿಕೆಯುಳ್ಳ ಹಳೆಯ ಜಾವಾಗಳಲ್ಲಿ ಆ ಸೌಕರ್ಯವಿಲ್ಲ. ಅಲ್ಲಿ ಕಿವಿಯೇ ಪ್ರಮಾಣ.