ವರ್ಜೀನಿಯಾದ ಉದ್ಯಾನ ಸಪ್ತಾಹ: ಎಂಟು ದಿನದ ವಿಹಾರ, ವರ್ಷವಿಡೀ ಜೀರ್ಣೋದ್ಧಾರ

ಅಮೆರಿಕದ ಪೂರ್ವ ಕರಾವಳಿಯ ವರ್ಜೀನಿಯಾ ರಾಜ್ಯದಲ್ಲಿ ಪ್ರತಿವರ್ಷ ಏಪ್ರಿಲ್ ತಿಂಗಳಲ್ಲಿ ನಡೆಯುವ 'ಹಿಸ್ಟಾರಿಕ್ ಗಾರ್ಡನ್ ವೀಕ್', ಅಂದರೆ ಐತಿಹಾಸಿಕ ಉದ್ಯಾನ ಸಪ್ತಾಹವು, ಉಳಿದ ದಿನಗಳಲ್ಲಿ ಹೊರಗಿನವರಿಗೆ ಪ್ರವೇಶವಿಲ್ಲದ ಮನೆಗಳ ಅಂಗಳ, ಹಿತ್ತಿಲು, ಹೂದೋಟಗಳನ್ನು ಟಿಕೆಟ್ ಕೊಂಡ ಯಾರಿಗಾದರೂ ತೆರೆದಿಡುವ ಏರ್ಪಾಡು. ಹೆಸರಿಗೆ ಸಪ್ತಾಹವಾದರೂ ಎಂಟು ದಿನ ನಡೆಯುವ ಇದನ್ನು ನಿರ್ವಹಿಸುವುದು, 1920ರಲ್ಲಿ ಎಂಟು ಸ್ಥಳೀಯ ಸಂಘಗಳು ಸೇರಿ ಕಟ್ಟಿಕೊಂಡ 'ಗಾರ್ಡನ್ ಕ್ಲಬ್ ಆಫ್ ವರ್ಜೀನಿಯಾ' ಎಂಬ ಒಕ್ಕೂಟ. ಕೆಲವೇ ದಿನ ತೆರೆಯುವ ಖಾಸಗಿ ತೋಟಗಳಿಂದ ಬಂದ ಹಣವನ್ನು, ವರ್ಷವಿಡೀ ಸಾರ್ವಜನಿಕರಿಗೆ ತೆರೆದಿರುವ ಚಾರಿತ್ರಿಕ ತೋಟಗಳ ಜೀರ್ಣೋದ್ಧಾರಕ್ಕೆ ತೊಡಗಿಸುವುದು ಈ ಸಂಸ್ಥೆಯ ವೈಶಿಷ್ಟ್ಯ.

ಇದರ ಮೂಲವಿರುವುದು ಮರಗಳ ರಕ್ಷಣೆಯಲ್ಲಿ. ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ತನ್ನ ನಿವಾಸವಾದ ಮಾಂಟಿಚೆಲೊದಲ್ಲಿ ನೆಡಿಸಿದ್ದ ಮರಗಳು ಅಳಿವಿನಂಚಿಗೆ ಬಂದಾಗ, ಒಕ್ಕೂಟದ ಸದಸ್ಯೆಯರು 1927ರಲ್ಲಿ ಪುಷ್ಪ ಪ್ರದರ್ಶನವೊಂದನ್ನು ಏರ್ಪಡಿಸಿ, ಸುಮಾರು 7,000 ಡಾಲರ್ ಸಂಗ್ರಹಿಸಿ ಅವುಗಳ ಆರೈಕೆಗೆ ಕೊಟ್ಟರು. ಆ ಅನುಭವದ ಬಲದಿಂದ 1929ರ ವಸಂತದಲ್ಲಿ ರಾಜ್ಯದುದ್ದಕ್ಕೂ ಮನೆ, ತೋಟಗಳನ್ನು ತೆರೆಸಿ ಮೊದಲ ಸಪ್ತಾಹವನ್ನು ನಡೆಸಿದರು. ಬಂದ 14,000 ಡಾಲರ್, ಜಾರ್ಜ್ ವಾಷಿಂಗ್ಟನ್ನನ ತಂಗಿ ಬೆಟ್ಟಿ ಬಾಳಿದ ಫ್ರೆಡೆರಿಕ್ಸ್‌ಬರ್ಗ್ ಪಟ್ಟಣದ ಕೆನ್ಮೋರ್ ಮನೆಯ ಅಂಗಳಕ್ಕೆ ವಿನಿಯೋಗವಾಯಿತು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಮತ್ತು ಕೊರೊನಾ ಹರಡಿದ 2020ರಲ್ಲಿ ನಿಂತದ್ದನ್ನು ಬಿಟ್ಟರೆ ಈ ಪದ್ಧತಿ ಇಂದಿಗೂ ನಡೆದುಬಂದಿದೆ.

ಪ್ರವಾಸದ ಕ್ರಮ ಸರಳವಾದುದು. ಒಂದೊಂದು ಊರಿನ ಸಂಘವು ತನ್ನ ಪಾಲಿನ ದಿನಕ್ಕೆ ಹತ್ತಿರ ಹತ್ತಿರವಿರುವ ನಾಲ್ಕೈದು ಮನೆಗಳನ್ನು ಆಯ್ದುಕೊಳ್ಳುತ್ತದೆ. ಬಸ್ಸಿನಲ್ಲಿ ತಂಡವಾಗಿ ಬಂದವರು ಒಂದು ಅಂಗಳದಿಂದ ಇನ್ನೊಂದಕ್ಕೆ ನಡೆದೋ, ಸಂಘ ಒದಗಿಸಿದ ವಾಹನದಲ್ಲೋ ಸಾಗುತ್ತಾರೆ. ತೋಟದ ಜೊತೆಗೆ ಹಲವು ಮನೆಗಳ ಒಳಭಾಗವನ್ನೂ ತೋರಿಸುವುದರಿಂದ, ಸಂಘದ ಸದಸ್ಯೆಯರು ಕೋಣೆಕೋಣೆಗೂ ಹೂವಿನ ಜೋಡಣೆಗಳನ್ನು ಮಾಡಿಡುತ್ತಾರೆ. ಅದಕ್ಕೆ ಬೇಕಾದ ಹೂವು, ಸೊಪ್ಪುಗಳಲ್ಲಿ ಬಹುಪಾಲು ಅವರವರ ಹಿತ್ತಿಲಿನವೇ. ಹಳೆಯ ಮರದ ನೆಲಹಾಸಿಗೆ ಗೀರು ಬೀಳದಂತೆ ಎತ್ತರದ ಹಿಮ್ಮಡಿಯ ಪಾದರಕ್ಷೆ ಬೇಡವೆಂದೂ, ಮನೆಯೊಳಗೆ ಛಾಯಾಚಿತ್ರ ತೆಗೆಯಬಾರದೆಂದೂ ಅತಿಥಿಗಳನ್ನು ಕೇಳಿಕೊಳ್ಳುವುದು ವಾಡಿಕೆ.

ಏಪ್ರಿಲನ್ನೇ ಆರಿಸಿಕೊಂಡುದಕ್ಕೆ ಕಾರಣ ಅಲ್ಲಿನ ಋತುಮಾನ. ಚಳಿಗಾಲದಲ್ಲಿ ಎಲೆಯುದುರಿಸಿ ನಿಂತಿದ್ದ ಮರಗಳು ಆಗ ಒಟ್ಟಾಗಿ ಚಿಗುರುತ್ತವೆ. ಎಲೆ ಮೂಡುವ ಮುನ್ನವೇ ರೆಡ್‌ಬಡ್ ಮರದ ಬರಿಯ ಕೊಂಬೆಗಳ ಮೇಲೆ ನಸುನೇರಳೆ ಹೂ ಮುತ್ತಿಕೊಳ್ಳುತ್ತದೆ; ಹಿಂದೆಯೇ ರಾಜ್ಯದ ಲಾಂಛನ ಪುಷ್ಪವಾದ ಡಾಗ್‌ವುಡ್ ಅರಳುತ್ತದೆ. ಡಾಗ್‌ವುಡ್ಡಿನಲ್ಲಿ ದಳಗಳಂತೆ ಕಾಣುವ ಅಗಲವಾದ ನಾಲ್ಕು ಬಿಳಿ ಭಾಗಗಳು, ನಮ್ಮ ಕಾಗದದ ಹೂವಿನ ಬಣ್ಣದ ಭಾಗದಂತೆ, ಬಣ್ಣ ತಳೆದ ಎಲೆಗಳೇ ಹೊರತು ದಳಗಳಲ್ಲ. ನಿಜವಾದ ಹೂಗಳು ಅವುಗಳ ನಡುವೆ ಹಸಿರು ಮಿಶ್ರಿತ ಹಳದಿಯ ಸಣ್ಣ ಗೊಂಚಲಾಗಿರುತ್ತವೆ. ಇವೆಲ್ಲಕ್ಕೂ ಚೌಕಟ್ಟಾಗಿ ನಿಲ್ಲುವುದು ಬಾಕ್ಸ್‌ವುಡ್ ಎಂಬ ಸಣ್ಣೆಲೆಯ ನಿತ್ಯಹಸಿರು ಪೊದೆ. ಬಹಳ ನಿಧಾನವಾಗಿ ಬೆಳೆಯುವ ಇದನ್ನು ಸಾಲಾಗಿ ನೆಟ್ಟು, ಕತ್ತರಿಸಿ, ಪಾತಿಗಳ ಅಂಚು ಕಟ್ಟುತ್ತಾರೆ.

ಆದರೆ ತೋಟವೆಂಬುದು ಕಟ್ಟಡದಂತೆ ಉಳಿಯುವ ವಸ್ತುವಲ್ಲ. ಆರೈಕೆ ತಪ್ಪಿದ ಕೆಲವೇ ವರ್ಷಗಳಲ್ಲಿ ಪಾತಿಗಳ ಗೆರೆ ಅಳಿಸಿ, ಹಾದಿಗಳ ಮೇಲೆ ಹುಲ್ಲು ಹಬ್ಬುವುದರಿಂದ, ಜೀರ್ಣೋದ್ಧಾರಕ್ಕೆ ಮುಂಚೆ ಕುರುಹುಗಳನ್ನು ಹುಡುಕಬೇಕಾಗುತ್ತದೆ. ಮಾಂಟಿಚೆಲೊದ ಪಶ್ಚಿಮ ಹುಲ್ಲುಹಾಸನ್ನು ಬಳಸಿ ಅಂಕುಡೊಂಕಾಗಿ ಸಾಗುವ ಹಾದಿಯನ್ನೂ ಅದರ ಅಂಚಿನ ಹೂಪಾತಿಗಳನ್ನೂ ಜೆಫರ್ಸನ್ 1807ರಲ್ಲಿ ಮೊಮ್ಮಗಳಿಗೆ ಬರೆದ ಪತ್ರದಲ್ಲಿ ಚಿತ್ರಿಸಿದ್ದನಾದರೂ ನೆಲದ ಮೇಲೆ ಅವು ಮಾಯವಾಗಿದ್ದವು. ಒಕ್ಕೂಟವು 1939ರಿಂದ 1941ರವರೆಗೆ ಈ ಕೆಲಸ ಕೈಗೊಂಡಾಗ, ಸಂಶೋಧಕರು ರಾತ್ರಿ ಹುಲ್ಲಿನ ಮೇಲೆ ಕಾರಿನ ದೀಪಗಳನ್ನು ಓರೆಯಾಗಿ ಹಾಯಿಸಿದರು. ಹಗಲಿನಲ್ಲಿ ಕಾಣದ ತಗ್ಗುಗಳಲ್ಲಿ ನೆರಳು ಬಿದ್ದು ಹಳೆಯ ಹಾದಿಯ ಜಾಡು ಗೋಚರಿಸಿತು. ಸರ್ರಿ ಪ್ರಾಂತದಲ್ಲಿ 1665ರಲ್ಲಿ ಕಟ್ಟಿದ ಬೇಕನ್ಸ್ ಕ್ಯಾಸಲ್ ಎಂಬ ಇಟ್ಟಿಗೆ ಮನೆಯ ಪಕ್ಕದಲ್ಲಿ, ಒಕ್ಕೂಟದ ನೆರವಿನಿಂದ 1980ರ ದಶಕದಲ್ಲಿ ಪುರಾತತ್ತ್ವಜ್ಞರು ಉತ್ಖನನ ನಡೆಸಿದಾಗ, ಹದಿನೇಳನೆಯ ಶತಮಾನದ ತೋಟದ ಮರಳಿನ ಹಾದಿಗಳೂ ದೊಡ್ಡ ಪಾತಿಗಳೂ ಮಣ್ಣಿನಡಿಯಿಂದ ಹೊರಬಂದವು.

ಹೀಗೆ ಮರುಕಟ್ಟಿದ ತೋಟವು ಮೂಲ ಕಾಲದ ಜೊತೆಗೆ ಕಟ್ಟಿದವರ ಕಾಲದ ಅಭಿರುಚಿಯನ್ನೂ ತೋರುತ್ತದೆ ಎಂಬುದಕ್ಕೆ ಷಾರ್ಲಟ್ಸ್‌ವಿಲ್ ನಗರದ ವರ್ಜೀನಿಯಾ ವಿಶ್ವವಿದ್ಯಾಲಯ ಒಳ್ಳೆಯ ನಿದರ್ಶನ. ಜೆಫರ್ಸನ್ ಯೋಜಿಸಿದ ಅಲ್ಲಿನ ಹತ್ತು ಪೆವಿಲಿಯನ್‌ಗಳು, ಅಂದರೆ ಪ್ರಾಧ್ಯಾಪಕರ ವಾಸಕ್ಕೂ ಬೋಧನೆಗೂ ಕಟ್ಟಿದ ಮನೆಗಳು, ತಮ್ಮ ಹಿಂದೆ ಒಂದೊಂದು ಹಿತ್ತಿಲನ್ನು ಹೊಂದಿವೆ. ಅವುಗಳನ್ನು ಬೇರ್ಪಡಿಸುವ ಗೋಡೆಗಳು ಒಂದೇ ಇಟ್ಟಿಗೆಯ ದಪ್ಪವಿದ್ದರೂ ಹಾವಿನ ನಡಿಗೆಯಂತೆ ಬಾಗಿ ಬಳುಕುವುದರಿಂದಲೇ ಬೀಳದೆ ನಿಲ್ಲುತ್ತವೆ. ಭೂದೃಶ್ಯ ವಿನ್ಯಾಸಕ ಆಲ್ಡನ್ ಹಾಪ್ಕಿನ್ಸ್ ರೂಪಿಸಿದ ಪಶ್ಚಿಮ ಭಾಗದ ತೋಟಗಳು 1952ರಲ್ಲಿ ಸಿದ್ಧವಾದವು; ಅವನ ಮರಣಾನಂತರ ಪೂರ್ವ ಭಾಗದವನ್ನು ಇತರರು ಮುಗಿಸಿದರು. ಹೂವು, ಬೆಂಚು, ಬಾಕ್ಸ್‌ವುಡ್ಡುಗಳಿಂದ ಒಪ್ಪವಾದ ಈ ಹಿತ್ತಿಲುಗಳು ಮೊದಲ ದಶಕಗಳಲ್ಲಿ ವಿಹಾರದ ತಾಣಗಳಾಗಿರಲಿಲ್ಲ. ಗುಲಾಮಗಿರಿಗೆ ಒಳಗಾಗಿದ್ದ ಆಫ್ರಿಕನ್ ಮೂಲದ ಜನರು ಅಡುಗೆ ಬೇಯಿಸಿ, ಬಟ್ಟೆ ಒಗೆದು, ಪ್ರಾಣಿಗಳನ್ನು ಸಾಕಿ, ತರಕಾರಿ ಬೆಳೆದ ದುಡಿಮೆಯ ಅಂಗಳಗಳಾಗಿದ್ದವು. ಈಚಿನ ಸಂಶೋಧನೆ ಈ ಚರಿತ್ರೆಯನ್ನು ಮುನ್ನೆಲೆಗೆ ತಂದಿದೆ. ಗುಲಾಮ ದುಡಿಮೆಗಾರರ ನೆನಪಿನ ಸ್ಮಾರಕವೂ 2020ರಲ್ಲಿ ಅದೇ ಆವರಣದಲ್ಲಿ ಪೂರ್ಣಗೊಂಡಿದೆ.

ಇದನ್ನು ತಿಳಿದು ಹೋದ ಪ್ರವಾಸಿಗೆ, ಹೂಪಾತಿಯ ಅಂದದಷ್ಟೇ ಅದನ್ನು ಅಗೆದವರು ಯಾರು, ನೀರೆರೆದವರು ಯಾರು, ಇಂದಿನ ರೂಪ ಯಾವ ದಾಖಲೆಯನ್ನು ಆಧರಿಸಿದೆ ಎಂಬ ಪ್ರಶ್ನೆಗಳೂ ನೋಟದ ಭಾಗವಾಗುತ್ತವೆ. ಟಿಕೆಟ್ಟಿನ ಹಣ ಹೋಗುವುದು ಗಿಡ ನೆಡುವುದಕ್ಕಷ್ಟೇ ಅಲ್ಲ, ನೆಲವನ್ನು ಅಗೆದು ಸಾಕ್ಷ್ಯ ಹುಡುಕುವುದಕ್ಕೂ ಆಗಿರುವುದರಿಂದ, ಆ ಪ್ರಶ್ನೆಗಳಿಗೆ ಉತ್ತರ ದೊರೆಯುವುದರಲ್ಲಿ ಅವನ ಪಾಲೂ ಇರುತ್ತದೆ.