ಅಡ್ವಾನ್ಸ್ ನಮ್ಮ ಹಣ

ಬೆಂಗಳೂರಿನ ಜಯನಗರ ದೊಡ್ಡ ಬಡಾವಣೆ. 1948ರಲ್ಲಿ ಶುರುವಾದದ್ದು. ಅಗಲವಾದ ರಸ್ತೆ, ಸಾಲು ಮರ, ಪಾರ್ಕು. ಅಲ್ಲಿ ಕೆಲವು ಗೇಟುಗಳ ಮೇಲೆ ಬೋರ್ಡು ಕಾಣುತ್ತದೆ: 'ಮನೆ ಬಾಡಿಗೆಗೆ ಇದೆ. 1 ಬಿ.ಎಚ್.ಕೆ.' ನಾವು ಓದಲು ಕಲಿತಿದ್ದೇವೆ. ಬೋರ್ಡು ಓದಿಬಿಡುತ್ತೇವೆ. ಆದರೆ ಬಿ.ಎಚ್.ಕೆ. ಅಂದರೇನು? ಒಂದು ಮಲಗುವ ಕೋಣೆ, ಒಂದು ಹಾಲು, ಒಂದು ಅಡಿಗೆಮನೆ. ಹಾಲು ಅಂದರೆ ಕುಡಿಯೋ ಹಾಲಲ್ಲ, ನಮ್ಮ ಪಡಸಾಲೆ!

ನಮ್ಮ ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು ಅಂತ ಇಟ್ಟುಕೊಳ್ಳೋಣ. ಆಫೀಸಿಗೆ ಹತ್ತಿರ ಇರಬೇಕು, ರಾತ್ರಿ ಬೀದಿಯಲ್ಲಿ ದೀಪ ಇರಬೇಕು ಅಂತಾಳೆ. ಜಯನಗರದಲ್ಲಿ ಒಂದು ಮನೆ ನೋಡಿದಳು. ಬಾಡಿಗೆ ತಿಂಗಳಿಗೆ 20,000 ರೂಪಾಯಿ ಅಂತ ಲೆಕ್ಕಕ್ಕೆ ಹಿಡಿಯೋಣ. ಅಬ್ಬಾ, ಅಷ್ಟೊಂದಾ? ತಡೆಯಿರಿ, ಇನ್ನೂ ಅಡ್ವಾನ್ಸ್ ಇದೆ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳೋದು ಬೆಂಗಳೂರಿನ ಹಳೆಯ ರೂಢಿ. ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. ಹತ್ತು ತಿಂಗಳು ಅಂದರೆ 2,00,000 ರೂಪಾಯಿ.

ಇಷ್ಟು ದುಡ್ಡು ಎಲ್ಲಿಂದ ಬರುತ್ತೆ? ಅಮ್ಮನ ಚೀಟಿಯಿಂದ, ಸಂಘದ ಸಾಲದಿಂದ, ಅಡವಿಟ್ಟ ಸರದಿಂದ. ಬ್ರೋಕರ್‌ಗೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕೊಡಬೇಕು. ಆ ಹಣ ಹೋದಂತೆ. ಅಡ್ವಾನ್ಸ್ ಹಾಗಲ್ಲ. ಅದು ಮಾಲೀಕರ ಹತ್ತಿರ ಇರುವ ನಮ್ಮ ಹಣ. ಅದಕ್ಕೆ ಬಡ್ಡಿಯಂತೂ ಕೊಡೋಲ್ಲ. ಮನೆ ಬಿಟ್ಟಾಗ ಅಸಲಾದರೂ ಪೂರ್ತಿ ವಾಪಸ್ ಬರಬೇಕಲ್ಲವಾ?

2021ರಲ್ಲಿ ಕೇಂದ್ರ ಸರ್ಕಾರ ಒಂದು ಮಾದರಿ ಬಾಡಿಗೆ ಕಾಯಿದೆ ತಂದಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ತೆಗೆದುಕೊಳ್ಳಬಾರದು ಅಂತ ಅದರಲ್ಲಿದೆ. ಆದರೆ ಅದು ಮಾದರಿ ಮಾತ್ರ. ಯಾವುದೇ ರಾಜ್ಯ ಅದನ್ನು ತನ್ನ ಕಾಯಿದೆಯಾಗಿ ಮಾಡಿಕೊಂಡರೆ ಮಾತ್ರ ಅಲ್ಲಿ ಜಾರಿ. ಹಾಗಾಗಿ ಕೇಳಿ ಕಡಿಮೆ ಮಾಡಿಸಬೇಕು. ಸಂತೆಯಲ್ಲಿ ಚೌಕಾಸಿ ಮಾಡೋ ನಮಗೆ ಇದೇನು ಹೊಸದಲ್ಲ.

ಮಾಲೀಕರೂ ಪ್ರಶ್ನೆ ಕೇಳುತ್ತಾರೆ. ಎಲ್ಲಿ ಕೆಲಸ? ಒಬ್ಬಳೇ ಇರ್ತೀಯಾ? ಮನೆಯಲ್ಲಿ ಮಾಂಸ ಮಾಡ್ತೀಯಾ? ಬಾಡಿಗೆಗೂ ಸಾರಿಗೂ ಏನು ಸಂಬಂಧವೋ! ನಾವೂ ಕೇಳೋಣ. ಕಾವೇರಿ ನೀರು ಬರುತ್ತಾ, ಬೋರ್‌ವೆಲ್ಲಾ? 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬೋರ್‌ವೆಲ್ ಬತ್ತಿದವು. ಜನ ಟ್ಯಾಂಕರ್‌ಗೆ ಕಾದರು. ಟ್ಯಾಂಕರ್ ತರಿಸಿದರೆ ದುಡ್ಡು ಯಾರು ಕೊಡಬೇಕು? ಮೇಂಟೆನೆನ್ಸ್ ಅಂದರೆ ಲಿಫ್ಟು, ಕಾವಲು, ಕಸ ಗುಡಿಸುವ ಖರ್ಚು. ಅದು ಬಾಡಿಗೆಯಲ್ಲೇ ಸೇರಿದೆಯಾ, ಬೇರೆಯಾ?

ಬಾಯಿಮಾತು ಸಾಲದು. ಒಪ್ಪಿದ್ದೆಲ್ಲ ಕರಾರು ಪತ್ರದಲ್ಲಿ ಬರಬೇಕು. ಇದಕ್ಕೇ ಅಗ್ರಿಮೆಂಟು ಅಂತಾರೆ. ಛಾಪಾ ಕಾಗದದ ಮೇಲೆ ಬರೆಸುತ್ತಾರೆ. ಸಾಮಾನ್ಯವಾಗಿ 11 ತಿಂಗಳಿಗೆ ಇರುತ್ತೆ. ಯಾಕೆ 11? ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು ಅಂತ 1908ರ ನೋಂದಣಿ ಕಾಯಿದೆ ಹೇಳುತ್ತದೆ. ಆ ಖರ್ಚು, ಓಡಾಟ ತಪ್ಪಿಸಲು ಈ ಉಪಾಯ.

ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಕೊಡಿ ಅಂತ ಕೇಳೋಣ. ಇಲ್ಲವೇ ತಿಳಿದವರಿಂದ ಓದಿಸಿ ಕೇಳೋಣ. ಅಂಕಿಗಳನ್ನು ನಾವೇ ಬೆರಳಿಟ್ಟು ನೋಡಬಹುದು. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ವರ್ಷಕ್ಕೆ ಎಷ್ಟು ಏರುತ್ತೆ? ನೂರಕ್ಕೆ ಐದು ಅಂತಿದ್ದರೆ 20,000 ಬಾಡಿಗೆ 21,000 ಆಗುತ್ತೆ. ಹತ್ತು ಅಂತಿದ್ದರೆ 22,000. ಮನೆ ಬಿಡಲು ಎಷ್ಟು ದಿನ ಮೊದಲು ಹೇಳಬೇಕು? ಆ ಗಡುವು ಮಗಳಿಗೂ ಮಾಲೀಕರಿಗೂ ಒಂದೇ ಇರಲಿ.

ಇನ್ನೊಂದು ಸಾಲು ಬಹಳ ಪತ್ರಗಳಲ್ಲಿ ಕೊನೆಗೆ ಕೂತಿರುತ್ತೆ. ಸುಣ್ಣ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತೇವೆ ಅಂತ. ಅಲ್ಲಿಗೆ 20,000 ಹೋಯಿತು. ಹನ್ನೊಂದೇ ತಿಂಗಳು ಇದ್ದು ಹೋದವರಿಂದಲೂ ಇಷ್ಟು ಹಿಡಿಯೋದು ನ್ಯಾಯ ಅಂತ ನಮಗೆ ಅನ್ನಿಸೋಲ್ಲ. ರುಜು ಹಾಕುವ ಮೊದಲು ಕೇಳಿದರೆ ಈ ಸಾಲು ಬದಲಾಗಬಹುದು. ರುಜು ಆದ ಮೇಲೆ ಕಷ್ಟ.

ಹಣವನ್ನು ಬ್ಯಾಂಕಿನ ಮೂಲಕವೇ ಕೊಡಬೇಕು. ಕೈಗೆ ಕೊಟ್ಟರೆ ರಸೀತಿ ಬೇಕು. ಮನೆಗೆ ಬಂದ ದಿನವೇ ಗೋಡೆ, ನಲ್ಲಿ, ಕಿಟಕಿ ಎಲ್ಲದರ ಫೋಟೋ ತೆಗೆದಿಡಲಿ. ಕರೆಂಟ್ ಮೀಟರಿನ ಅಂಕಿಯನ್ನೂ ಬರೆದಿಡಲಿ. ಬೀಗದ ಕೈ ವಾಪಸ್ ಕೊಡುವ ದಿನವೇ ಅಡ್ವಾನ್ಸ್ ಕೊಡಬೇಕು ಅಂತ ಪತ್ರದಲ್ಲಿ ಬರೆಸಬೇಕು. ಪತ್ರದ ಒಂದು ಪ್ರತಿ ಮಗಳ ಹತ್ತಿರ, ಇನ್ನೊಂದು ಊರಿನಲ್ಲಿ ನಮ್ಮ ಟ್ರಂಕಿನಲ್ಲಿ ಇರಲಿ.