ಒರೆಸಿದ ಕರಿಹಲಗೆ, ಉಳಿದ ನೋಟ್ ಪುಸ್ತಕ

"ಟೀಚರೇ, ಇದರಲ್ಲಿ ನೋಡಿದ್ರೆ ಯಾರಿಗೂ ಗೊತ್ತಾಗುದಿಲ್ಲ!" ಟೊಪ್ಪಿ-ಕನ್ನಡಕದ ಚಿತ್ರವಿರುವ ಕಪ್ಪು ಕಿಟಕಿ ತೋರಿಸಿ ಒಂಬತ್ತನೇ ತರಗತಿಯ ಹುಡುಗ ಹೇಳಿದ. ನಿಮ್ಮ ಲ್ಯಾಬಿನಲ್ಲೂ ಈ ಮಾತು ಕೇಳಿರುತ್ತೀರಿ. ಅದು ಅರ್ಧ ಮಾತ್ರ ನಿಜ.

ಇನ್‌ಕಾಗ್ನಿಟೊ ಕಿಟಕಿಗಳನ್ನೆಲ್ಲ ಮುಚ್ಚಿದ ಮೇಲೆ ಬ್ರೌಸರು ಆ ಹೊತ್ತಿನ ಹಿಸ್ಟರಿ, ಕುಕೀ, ಫಾರ್ಮಿನಲ್ಲಿ ತುಂಬಿದ ವಿವರಗಳನ್ನು ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳುವುದಿಲ್ಲ. ಅಷ್ಟೇ. ಇಳಿಸಿಕೊಂಡ ಫೈಲು ಅಲ್ಲಿಯೇ ಕೂತಿರುತ್ತದೆ (ಸ್ಟಾಫ್ ರೂಮಿನಲ್ಲಿ ಪ್ರಶ್ನೆಪತ್ರಿಕೆ ಇಳಿಸಿಕೊಳ್ಳುವವರು ಗಮನಿಸಿ).

ಪಾಠ ಮುಗಿದ ಮೇಲೆ ಕರಿಹಲಗೆ ಒರೆಸುತ್ತೇವಲ್ಲ, ಹಾಗೆ. ಹಲಗೆ ಖಾಲಿ, ಬರೆದದ್ದೆಲ್ಲ ಮಕ್ಕಳ ನೋಟ್ ಪುಸ್ತಕದಲ್ಲಿದೆ. ಇಲ್ಲಿ ನೋಟ್ಸ್ ಬರೆದುಕೊಳ್ಳುವವರು ಯಾರು? ಪುಟ ಬೇಕೆಂಬ ನಿಮ್ಮ ಕೋರಿಕೆ ಶಾಲೆಯ ವೈಫೈ, ಇಂಟರ್ನೆಟ್ ಕಂಪನಿ ದಾಟಿ ಜಾಲತಾಣ ಮುಟ್ಟಬೇಕು. ಉತ್ತರ ಎಲ್ಲಿಗೆ ಕಳಿಸಬೇಕೆಂದು ತಿಳಿಯಲು ಐಪಿ ವಿಳಾಸ ಬೇಕೇ ಬೇಕು. ಈ ಕಿಟಕಿ ಅದನ್ನು ಅಡಗಿಸುವುದಿಲ್ಲ. ಎಚ್‌ಟಿಟಿಪಿಎಸ್ ಇದ್ದರೆ ಯಾವ ಪುಟ ಓದಿದಿರೆಂದು ನಡುವಿನವರಿಗೆ ಕಾಣದು, ಯಾವ ತಾಣಕ್ಕೆ ಹೋದಿರೆಂದು ಸಾಮಾನ್ಯವಾಗಿ ಕಾಣುತ್ತದೆ. ಇನ್ನು ಲಾಗಿನ್ ಆದಿರೋ, ತಾಣಕ್ಕೆ ನೀವೇ ಹೆಸರು ಹೇಳಿದ ಹಾಗಾಯ್ತು.

ಮಕ್ಕಳು ಮಾತ್ರ ಹೀಗೆ ನಂಬಿದ್ದಲ್ಲ. 2020ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಬಳಕೆದಾರರು ಗೂಗಲ್ ಮೇಲೆ ದಾವೆ ಹೂಡಿದರು. ಬೇರೆ ಬೇರೆ ತಾಣಗಳಲ್ಲಿ ಅಳವಡಿಸಿರುವ ಗೂಗಲ್‌ನ ಅನಲಿಟಿಕ್ಸ್, ಜಾಹೀರಾತು ಸಾಧನಗಳು ಖಾಸಗಿ ಕಿಟಕಿಯಲ್ಲಿದ್ದಾಗಲೂ ತಮ್ಮ ಮಾಹಿತಿ ಸಂಗ್ರಹಿಸಿವೆ ಎಂಬುದು ಅವರ ಆರೋಪ. ಕಂಪನಿ ತಪ್ಪೊಪ್ಪಿಕೊಳ್ಳಲಿಲ್ಲ. ಆದರೆ 2024ರ ರಾಜಿಯಲ್ಲಿ ಶತಕೋಟಿಗಟ್ಟಲೆ ದಾಖಲೆಗಳನ್ನು ಅಳಿಸಲು ಅಥವಾ ಯಾರದೆಂದು ತಿಳಿಯದಂತೆ ಮಾಡಲು ಒಪ್ಪಿತು. ಕಿಟಕಿ ತೆರೆದಾಗ ಕಾಣುವ ಎಚ್ಚರಿಕೆಯ ಮಾತನ್ನೂ ತಿದ್ದಿತು.

ಹುಡುಗನನ್ನು ನಾನು ಬೈಯಲಿಲ್ಲ. ಮನೆಯಲ್ಲಿ ಇರುವುದೇ ಒಂದು ಫೋನು. ಮೈಯಲ್ಲಾಗುವ ಬದಲಾವಣೆಯ ಬಗ್ಗೆ ಅಪ್ಪ-ಅಮ್ಮನಲ್ಲಿ ಕೇಳಲಾಗದ ಪ್ರಶ್ನೆಯನ್ನು ಮಗು ಈ ಕಿಟಕಿಯಲ್ಲಿ ಹುಡುಕಿದರೆ, ಮನೆಯವರಿಗೆ ಹಿಸ್ಟರಿಯಲ್ಲಿ ಅದು ಸಿಗದು. ಅದು ಸಣ್ಣ ಉಪಕಾರವೇನಲ್ಲ. ನನಗೆ ಹೆದರಿಕೆಯಿರುವುದು, ಯಾರೂ ನೋಡುವುದಿಲ್ಲವೆಂಬ ಧೈರ್ಯದಲ್ಲಿ ತನ್ನ ಹೆಸರು, ನಂಬರು, ಫೋಟೊ ಕೊಟ್ಟುಬಿಟ್ಟರೆ ಎಂದು.

ತರಗತಿಯಲ್ಲಿ ಮಾಡಿ ತೋರಿಸಿ. ಐಪಿ ವಿಳಾಸ ತೋರಿಸುವ ಯಾವುದಾದರೂ ತಾಣವನ್ನು ಮಾಮೂಲಿ ಕಿಟಕಿಯಲ್ಲಿ ಒಮ್ಮೆ, ಟೊಪ್ಪಿಯ ಕಿಟಕಿಯಲ್ಲಿ ಒಮ್ಮೆ ತೆರೆಯಿರಿ. ಎರಡೂ ಸಂಖ್ಯೆಗಳನ್ನು ಮಕ್ಕಳೇ ಹಲಗೆಯ ಮೇಲೆ ಬರೆಯಲಿ. ನಮ್ಮಲ್ಲಿ ಎರಡೂ ಒಂದೇ ಬಂದಾಗ ಆ ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.